ಹೊಸೂರು ರಸ್ತೆಯಲ್ಲಿ ಆರು ವಾರ

ಕೂಡಲಸಂಗಮ, ಬಸವಕಲ್ಯಾಣ, ಉಳವಿ, ಶ್ರೀಶೈಲಗಳ ಯಾತ್ರೆಯ ಬರಹಗಳನ್ನು ವಾಚಕ ಬಂಧುಗಳು ಈ ಪುಟಗಳಲ್ಲಿ ಓದುತ್ತ ಬಂದಿದ್ದಾರೆ. ನಾನಿಂದು ಬರೆಯಹೊರಟಿರುವುದು ಯಾರೂ ಇಚ್ಛೆಪಟ್ಟು ಹೋಗದ ಒಂದು ರಸ್ತೆಯನ್ನು ಕುರಿತು. ಆದರೂ ನಾಡಿನ ಮೂಲೆಮೂಲೆಯಿಂದ ಜನ ಅಲ್ಲಿಗೆ ಗಂಟುಮೂಟೆ ಕಟ್ಟಿಕೊಂಡು ಬರುತ್ತಲೇ ಇರುತ್ತಾರೆ.

ಬೆಂಗಳೂರಿನ ಲಾಲ್‌ಬಾಗಿನ ಮುಖ್ಯ ದ್ವಾರದ ಕಡೆಯಿಂದ ಡೇರಿ ವೃತ್ತದತ್ತ ಸಾಗುವ ಈ ದಾರಿಗೆ ತೋಟಗಾರಿಕೆಯ ತಜ್ಞ ಡಾ. ಎಂ. ಎಚ್. ಮರಿಗೌಡರ ಹೆಸರಿದೆ. ಜನರ ಬಾಯಲ್ಲಿ ಮಾತ್ರ ಅದು ಇಂದಿಗೂ ಹೊಸೂರು ರಸ್ತೆಯೇ. ಒಂದು ಮೈಲಿಯೊಳಗೆ ಎಷ್ಟು ಆಸ್ಪತ್ರೆಗಳು! 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ, ಅದರ ನೆರೆಯಲ್ಲಿ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಎದೆರೋಗಗಳ ಆಸ್ಪತ್ರೆ, ಹಾಗೆಯೇ ಹಳೆಯ ಮಾನಸಿಕ ಆಸ್ಪತ್ರೆಯೂ 1954ರ ತರಬೇತಿ ಸಂಸ್ಥೆಯೂ 1974ರಲ್ಲಿ ಒಂದಾಗಿ ರೂಪುಗೊಂಡ ನಿಮ್ಹಾನ್ಸ್. ಮರಗಳ ನೆರಳು ದಟ್ಟವಾಗಿದೆ. ಆ ನೆರಳಿನಲ್ಲಿ ಕುಳಿತವರ ಕೈಯಲ್ಲಿ ಎಂ.ಆರ್.ಐ. ಚಿತ್ರಗಳ ದೊಡ್ಡ ಲಕೋಟೆ, ಮಗ್ಗುಲಲ್ಲಿ ಬುತ್ತಿಯ ಚೀಲ ಮತ್ತು ಚಾಪೆ. ಕೆಲವು ದಿನ ಕಳೆದರೆ, ಲಕೋಟೆ ಹಿಡಿದ ರೀತಿಯಿಂದಲೇ ಹೊಸಬರಾರು, ಹಳಬರಾರು ಎಂದು ಗುರುತಿಸಬಹುದು.

ನಾವು ಅಲ್ಲಿಗೆ ಹೋದದ್ದು 2023ರ ಅಧಿಕ ಶ್ರಾವಣದ ನಡುವೆ. ನನ್ನ ಅಣ್ಣನವರು ಶಾಂತ ಸ್ವಭಾವದವರು. ಮೂವತ್ತು ವರ್ಷ ಅಂಗಡಿ ನಡೆಸಿದರೂ ಗಿರಾಕಿಗಳ ಮೇಲೆ ದನಿ ಎತ್ತಿದವರಲ್ಲ. ಆ ವರ್ಷದ ಬೇಸಿಗೆಯಲ್ಲಿ ಅವರು ಅಕಾರಣವಾಗಿ ಸಿಡುಕತೊಡಗಿದರು. ಲೆಕ್ಕ ತಪ್ಪುತ್ತಿತ್ತು, ಮಾತು ಅರ್ಧಕ್ಕೇ ನಿಲ್ಲುತ್ತಿತ್ತು, ಬೆಳಗಿನ ಹೊತ್ತು ತಲೆನೋವು ಬರುತ್ತಿತ್ತು. ಮನೆಯಲ್ಲಿ ಒಬ್ಬರು ಗ್ರಹಚಾರವೆಂದರು, ಮತ್ತೊಬ್ಬರು ಯಾರದೋ ಕಣ್ಣು ಬಿದ್ದಿದೆ ಎಂದರು. ಅತ್ತಿಗೆಯ ಮಾತಿನ ಒರಟುತನವೇ ಇದಕ್ಕೆ ಕಾರಣವೆಂದು ಹೇಳಿದವರೂ ಇದ್ದರು. ಅವರಲ್ಲಿ ನಾನೂ ಒಬ್ಬನೆಂದು ಇಲ್ಲಿ ಒಪ್ಪಿಕೊಳ್ಳಬೇಕು. ಕೊನೆಗೆ ಒಂದು ದಿನ ಊಟದ ಎಲೆಯ ಮುಂದೆಯೇ ಅಪಸ್ಮಾರ ಬಂದು ಬಿದ್ದಾಗ ನಿಜ ಹೊರಬಿತ್ತು. ಮಿದುಳಿನ ಮುಂಭಾಗದಲ್ಲಿ ಗ್ಲಯೊಬ್ಲಾಸ್ಟೋಮಾ ಎಂಬ ಗಡ್ಡೆ ಬೆಳೆದಿತ್ತು. ಮಿದುಳಿನಲ್ಲಿಯೇ ಹುಟ್ಟುವ ಗಡ್ಡೆಗಳನ್ನು ವೈದ್ಯರು ನಾಲ್ಕು ದರ್ಜೆಗಳಾಗಿ ವಿಂಗಡಿಸುತ್ತಾರೆ, ಇದು ನಾಲ್ಕನೆಯದು.

ಶಸ್ತ್ರಚಿಕಿತ್ಸೆ ಒಂದೆಡೆ ನಡೆಯಿತು. ವಿಕಿರಣ ಚಿಕಿತ್ಸೆಗಾಗಿ ಈ ರಸ್ತೆಗೆ ಬಂದೆವು. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದರಂತೆ ಆರು ವಾರಗಳಲ್ಲಿ 30 ಸರದಿ, ಜೊತೆಗೆ ಪ್ರತಿದಿನ ಟೆಮೊಜೊಲೊಮೈಡ್ ಮಾತ್ರೆ. ತಲೆ ಅಲುಗಾಡದಿರಲೆಂದು ಮುಖದ ಅಚ್ಚಿಗೆ ಸರಿಯಾಗಿ ಜಾಲರಿಯಂತಹ ಒಂದು ಮುಖವಾಡವನ್ನು ಮಾಡಿ, ಅದರಿಂದ ತಲೆಯನ್ನು ಮೇಜಿಗೆ ಬಿಗಿಯುತ್ತಾರೆ. ಒಳಗಿನ ಕೆಲಸ ಕೆಲವೇ ನಿಮಿಷಗಳದು. ಹೊರಗೆ ಬೆಂಚಿನ ಮೇಲೆ ಕಾಯುವುದು ಗಂಟೆಗಟ್ಟಲೆ. ಈ ಬರಹ ಆ ಬೆಂಚಿನದು.

ವಿಲ್ಸನ್ ಗಾರ್ಡನ್ನಿನ ಓಣಿಯೊಂದರಲ್ಲಿ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಎರಡನೆಯ ವಾರ ಬೆಂಚಿನ ಮೇಲೆ ಕುಳಿತಿದ್ದಾಗ ಅತ್ತಿಗೆ ಹೇಳಿದರು: "ತಮ್ಮಾ, ಎಲ್ಲಾರೂ ಅವ್ರಿಗೆ ಹೆಂಗೈತಿ ಅಂತ ಕೇಳ್ತಾರ. ಮುಂದ ಏನಾಗ್ತೈತಿ, ನಾ ಏನ್ ಮಾಡಬೇಕು ಅಂತ ನನಗ ಒಂದ ಮಾತು ಯಾರರ ಹೇಳ್ಯಾರೇನು?"

ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಆ ಬೆಂಚಿನ ಮೇಲಿದ್ದವರನ್ನು ನಾನು ರೋಗಿಯ ಬಗ್ಗೆ ಕೇಳುವುದನ್ನು ಬಿಟ್ಟು ಅವರ ಬಗ್ಗೆಯೇ ಕೇಳತೊಡಗಿದೆ. ರಾಯಚೂರು ಕಡೆಯ ಒಬ್ಬ ತಂದೆ, ಹಾಸನದ ಒಬ್ಬ ಮಗಳು, ಕೋಲಾರದ ಒಬ್ಬ ಗೃಹಿಣಿ. ಅನ್ಯ ಭಾಗದ ಕ್ಯಾನ್ಸರಿನಲ್ಲಿ ರೋಗಿಯ ದೇಹ ಸೊರಗಿದರೂ ಸಾಮಾನ್ಯವಾಗಿ ಮನುಷ್ಯ ಅವನೇ ಆಗಿ ಉಳಿಯುತ್ತಾನೆ. ನೋವನ್ನು ಹೇಳಿಕೊಳ್ಳುತ್ತಾನೆ, ಮಾಡಿದ ಸೇವೆಗೆ ಒಂದು ಮಾತಾಡುತ್ತಾನೆ. ಇಲ್ಲಿ ಹಾಗಲ್ಲ. ಎದುರಿಗೆ ಕುಳಿತಿದ್ದೂ ಆತ ದೂರವಾಗುತ್ತಿರುತ್ತಾನೆ. ತುತ್ತು ಕೊಡುವ ಕೈಯನ್ನೇ ತಳ್ಳುತ್ತಾನೆ. ಅಳಬೇಕೆಂದರೂ ಮನುಷ್ಯ ಇನ್ನೂ ಇದ್ದಾನಲ್ಲ ಎಂದು ಅಳಲಾಗದು. ಈ ಮಾತನ್ನು ಆ ಮೂವರೂ ತಮ್ಮತಮ್ಮ ಮಾತಿನಲ್ಲಿ ಹೇಳಿದರು.

ಒಂದು ದಿನ ನಾನು ಅತ್ತಿಗೆಯನ್ನು ನಿಮ್ಹಾನ್ಸ್ ಆವರಣದ ಮಿದುಳಿನ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದೆ. ಗಾಜಿನ ಭರಣಿಗಳಲ್ಲಿ ಇರಿಸಿದ ಮಿದುಳುಗಳು ಅಲ್ಲಿ ಸಾಲಾಗಿವೆ. ರೋಗ ಬಂದವೂ ಉಂಟು. ಸಂದರ್ಶಕರಿಗೆ ನಿಜವಾದ ಮಿದುಳನ್ನು ಮುಟ್ಟಿ ನೋಡುವ ಅವಕಾಶವೂ ಇದೆ. ಸುಮಾರು ಒಂದೂಕಾಲು, ಒಂದೂವರೆ ಕಿಲೋ ತೂಕ, ಅಷ್ಟೆ. ಸಿಟ್ಟನ್ನು ತಡೆಹಿಡಿಯುವುದು, ಹಿಂದುಮುಂದು ಯೋಚಿಸುವುದು ಇವೆಲ್ಲ ಹಣೆಯ ಹಿಂದಿನ ಭಾಗದ ಕೆಲಸವೆಂದು ಅಲ್ಲಿ ತಿಳಿಯಿತು. ಅತ್ತಿಗೆ ಬಹಳ ಹೊತ್ತು ನೋಡುತ್ತ ನಿಂತರು. ಹೊರಬಂದು, "ಹಂಗಾರ ಬೈದವರು ಅವರಲ್ಲ," ಎಂದರು. ಆ ರಾತ್ರಿ ಬೈಗಳು ನಿಲ್ಲಲಿಲ್ಲ. ಆದರೆ ಅವರು ಅಳುವುದು ಕಡಿಮೆಯಾಯಿತು.

ಇದನ್ನು ಮೊದಲ ದಿನವೇ ಯಾರಾದರೂ ಹೇಳಬಹುದಿತ್ತು. ಹೇಳಬೇಕಾದ ಮಾತುಗಳು ಇನ್ನೂ ಇದ್ದವು. ಮಿದುಳಿನ ಬಾವನ್ನು ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ಮಾತ್ರೆ ನಿದ್ರೆ ಕೆಡಿಸುತ್ತದೆ, ಹಸಿವು ಹೆಚ್ಚಿಸುತ್ತದೆ, ಸಿಡುಕು ತರುತ್ತದೆ, ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಮಧ್ಯರಾತ್ರಿ ಎರಡು ಗಂಟೆಗೆ ಅಣ್ಣನವರು ರೊಟ್ಟಿ ಬೇಕೆಂದು ಕೂಗುತ್ತಿದ್ದುದು ಇದರಿಂದಲೇ. ವೈದ್ಯರನ್ನು ಕೇಳಿ ಮಾತ್ರೆಯನ್ನು ಸಂಜೆಯಿಂದ ಬೆಳಗಿಗೆ ಬದಲಿಸಿಕೊಂಡ ಮೇಲೆ ರಾತ್ರಿಗಳು ಸ್ವಲ್ಪ ಹಗುರಾದವು. ಅದನ್ನು ನಾವಾಗಿ ಥಟ್ಟನೆ ನಿಲ್ಲಿಸಿದ್ದರೆ ಮಾತ್ರ ಅಪಾಯವಿತ್ತು. ಅಪಸ್ಮಾರ ಬಂದಾಗ ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು ನಮ್ಮ ಕಡೆಯ ರೂಢಿ, ಅವುಗಳಿಂದ ಪ್ರಯೋಜನವಿಲ್ಲ. ಮಗ್ಗುಲಿಗೆ ಮಲಗಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು, ಗಡಿಯಾರ ನೋಡಬೇಕು, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು. ಇಷ್ಟನ್ನು ಅತ್ತಿಗೆಗೆ ಕಲಿಸಿದವರು ಬೆಂಚಿನ ಮೇಲಿದ್ದ ಹಾಸನದ ಮಗಳು.

ಹಣದ ಮಾತನ್ನೂ ಹೇಳದೆ ವಿಧಿಯಿಲ್ಲ. ಕ್ಯಾನ್ಸರ್ ರೋಗಿ ಚಿಕಿತ್ಸೆಗೆ ಹೋಗಿಬರುವಾಗ ರೈಲಿನ ಸ್ಲೀಪರ್ ದರ್ಜೆಯಲ್ಲಿ ಪ್ರಯಾಣ ದರದ ಪೂರ್ಣ ವಿನಾಯಿತಿಯೂ, ಜೊತೆಗಿರುವ ಒಬ್ಬರಿಗೆ ಮುಕ್ಕಾಲು ಪಾಲು ವಿನಾಯಿತಿಯೂ ಉಂಟು. ಆಸ್ಪತ್ರೆಯ ನಿಗದಿತ ಪ್ರಮಾಣಪತ್ರ ಬೇಕು. ನಾವು ಎರಡು ಬಾರಿ ಪೂರ್ತಿ ಹಣ ತೆತ್ತ ಮೇಲೆ ಇದು ತಿಳಿಯಿತು. ಅದಕ್ಕಿಂತ ದೊಡ್ಡ ಸಂಗತಿ ರುಜುವಿನದು. ಗಡ್ಡೆ ಬೆಳೆದಂತೆ ಕೈಯೂ ಬುದ್ಧಿಯೂ ಸಾಲದೆ ಹೋಗುತ್ತವೆ. ಬ್ಯಾಂಕಿನ ಖಾತೆ, ಅಂಗಡಿಯ ಕಾಗದ, ಹೊಲದ ಪತ್ರ ಎಲ್ಲವೂ ಅಣ್ಣನವರ ಹೆಸರಿನಲ್ಲಿಯೇ ಇದ್ದವು. ಅವರಿಗೆ ತಿಳಿವಳಿಕೆ ಇರುವಾಗಲೇ, ಅವರ ಒಪ್ಪಿಗೆಯಿಂದಲೇ ಖಾತೆಯನ್ನು ಜಂಟಿ ಮಾಡಿಸಿ ನಾಮನಿರ್ದೇಶನ ಮಾಡಿಸಿರೆಂದು ಹೇಳಿದವರು ರಾಯಚೂರಿನ ಆ ತಂದೆ. ಅಪಶಕುನದ ಮಾತೆಂದು ನಾನು ಮುಖ ಸಿಂಡರಿಸಿದೆ. ಮೂರು ತಿಂಗಳ ಬಳಿಕ ಅಣ್ಣನವರ ಬಲಗೈ ಬಿದ್ದುಹೋದಾಗ ಅವರನ್ನು ನೆನೆದೆ.

ಇನ್ನು ನೋಡಲು ಬರುವ ಬಂಧುಗಳ ವಿಷಯ. ಬೆಂಗಳೂರಿನಲ್ಲಿರುವ ನಮ್ಮವರೆಲ್ಲ ಪ್ರೀತಿಯಿಂದ ಬಂದರು, ಸೇಬು ತಂದರು, ವಿಭೂತಿ ಹಚ್ಚಿ ಹರಸಿದರು. ಬಂದವರಿಗೆಲ್ಲ ಅತ್ತಿಗೆ ಚಹಾ ಮಾಡಿದರು, ಮೊದಲಿನಿಂದ ಕಥೆ ಹೇಳಿದರು. ಒಂದು ಭಾನುವಾರ ಹನ್ನೊಂದು ಬಾರಿ ಹೇಳಿದ್ದನ್ನು ನಾನೇ ಎಣಿಸಿದ್ದೇನೆ. ಆ ದಿನ ಅವರ ಇಷ್ಟಲಿಂಗ ಪೂಜೆ ಸಂಜೆಗೆ ಹೋಯಿತು. ಮರುದಿನ ಪಕ್ಕದ ಕೋಣೆಯಲ್ಲಿದ್ದ ಕೋಲಾರದ ಗೃಹಿಣಿ ಬಂದು, "ಅಕ್ಕಾ, ನೀವು ಹೋಗಿ ಸ್ನಾನ ಮಾಡಿ ಪೂಜೆ ಮುಗಿಸ್ಕೊಂಡು ಬನ್ನಿ, ಇವರ ಹತ್ರ ನಾನು ಕೂತಿರ್ತೀನಿ," ಎಂದರು. ನಮ್ಮ ಜಾತಿಯವರಲ್ಲ, ಲಿಂಗಧಾರಿಗಳಲ್ಲ. ಸ್ವತಃ ಅವರ ಗಂಡನೂ ಅದೇ ರೋಗದಿಂದ ಮಲಗಿದ್ದರು. ದಿನಕ್ಕೆ ಒಂದು ಗಂಟೆ, ಆರು ವಾರ ಅವರು ಹಾಗೆ ಕುಳಿತರು. ಪ್ರತಿಯಾಗಿ ಸಂಜೆ ಅತ್ತಿಗೆ ಅವರ ಗಂಡನ ಬಳಿ ಕುಳಿತರು. ದಾಸೋಹವೆಂಬ ಶಬ್ದವನ್ನು ಚಿಕ್ಕಂದಿನಿಂದ ಕೇಳುತ್ತ ಬಂದ ನಾನು ಅದು ಅನ್ನದ ಮಾತೆಂದೇ ತಿಳಿದಿದ್ದೆ.

ನಮ್ಮ ಸಮಾಜ ವಿದ್ಯಾರ್ಥಿ ನಿಲಯಗಳಿಗೆ ಹೆಸರಾದುದು. ರಾಜಧಾನಿಯಲ್ಲಿ ಮಠಗಳ ಶಾಖೆಗಳುಂಟು, ಸಂಘಗಳುಂಟು, ಕಲ್ಯಾಣ ಮಂಟಪಗಳಂತೂ ಬೇಕಾದಷ್ಟು. ಇನ್ನೊಂದು ಕಲ್ಯಾಣ ಮಂಟಪಕ್ಕೆ ಚಂದಾ ಪಟ್ಟಿ ಬಂದರೆ ನಾನು ಕೊಡಲಾರೆ. ಈ ರಸ್ತೆಯ ಸಮೀಪ ಆರು ವಾರ ತಂಗಲು ನಾಲ್ಕು ಕೋಣೆ, ಒಂದು ಅಡುಗೆಮನೆ, ಸರದಿಯ ಮೇಲೆ ಬಂದು ಎರಡು ತಾಸು ಕೂಡುವ ಹತ್ತು ಜನ ಎಂದರೆ ಕೊಡುತ್ತೇನೆ. ಹಿರಿಯರು ಸಿಟ್ಟಾಗಬಾರದು.

ಇರುವ ನೆರವನ್ನೂ ತಿಳಿಸಬೇಕು. ಗುಣವಾಗದ ಹಂತ ತಲಪಿದ ಕ್ಯಾನ್ಸರ್ ರೋಗಿಗಳಿಗಾಗಿ ಮಾರತಹಳ್ಳಿಯ ಬಳಿ ಕರುಣಾಶ್ರಯವಿದೆ. ಅದರ ಟ್ರಸ್ಟ್ 1994ರಲ್ಲಿ ಸ್ಥಾಪನೆಯಾಯಿತು. ಅಲ್ಲಿ ಆರೈಕೆಗೆ ಹಣ ಪಡೆಯುವುದಿಲ್ಲ, ನಗರದ ಮನೆಗಳಿಗೂ ಅವರ ದಾದಿಯರು ಹೋಗಿಬರುತ್ತಾರೆ. ಆರೈಕೆ ಮಾಡುವವರ ಮನಸ್ಸೇ ಕುಸಿದಾಗ ಹಗಲಿರುಳೂ ಕನ್ನಡದಲ್ಲಿ ಮಾತನಾಡಲು 14416 ಎಂಬ ಟೆಲಿ ಮಾನಸ್ ದೂರವಾಣಿಯಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದುದು, ಕರೆಗೆ ಶುಲ್ಕವಿಲ್ಲ. ಅತ್ತಿಗೆ ಒಮ್ಮೆ ಕರೆ ಮಾಡಿದರು. ಏನು ಮಾತನಾಡಿದರೋ ನಾನು ಕೇಳಲಿಲ್ಲ.

2005ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಈ ಚಿಕಿತ್ಸೆ ಪಡೆದವರಲ್ಲಿ ಅರ್ಧದಷ್ಟು ಜನ ಬದುಕಿದ್ದುದು ಹದಿನೈದು ತಿಂಗಳಿಗಿಂತ ಕಡಿಮೆ. ನಾಲ್ವರಲ್ಲಿ ಒಬ್ಬರು ಎರಡು ವರ್ಷ ದಾಟಿದರು. ಅಣ್ಣನವರು 2024ರ ಕಾರ್ತಿಕದಲ್ಲಿ ಮನೆಯಲ್ಲಿಯೇ ಲಿಂಗೈಕ್ಯರಾದರು. ಆ ತಿಂಗಳುಗಳ ವಿಚಾರ ಇಲ್ಲಿ ಬೇಡ.

ಮೂವತ್ತನೆಯ ಸರದಿ ಮುಗಿದದ್ದು ಗಣೇಶ ಚೌತಿಗೆ ಒಂದು ವಾರ ಮೊದಲು. ಮುಖವಾಡವನ್ನು ನಮ್ಮ ಕೈಗೇ ಕೊಟ್ಟರು. ಅತ್ತಿಗೆ ಅದನ್ನು ಸೀರೆಯಲ್ಲಿ ಸುತ್ತಿ ಚೀಲದಲ್ಲಿಟ್ಟರು. ರಾತ್ರಿ ರೈಲಿನಲ್ಲಿ ನಾನು ಅಣ್ಣನವರ ಪಕ್ಕದಲ್ಲಿ ಕುಳಿತು, "ನೀವು ಮಲಗಿರಿ, ನಾ ಎಚ್ಚರಿರ್ತೇನಿ," ಎಂದೆ. ಅವರು ಒಮ್ಮೆ ನನ್ನ ಮುಖ ನೋಡಿ, ಸೆರಗು ಹೊದ್ದು ಗೋಡೆಯ ಕಡೆ ಹೊರಳಿದರು. ತುಮಕೂರು ಹೋಯಿತು, ಅರಸೀಕೆರೆ, ಬೀರೂರು ಹೋದವು. ದಾವಣಗೆರೆಯಲ್ಲಿ ಚಹಾ ಮಾರುವವರ ಗದ್ದಲಕ್ಕೂ ಅವರಿಗೆ ಎಚ್ಚರವಾಗಲಿಲ್ಲ.