ಗೆದ್ದ ತಂಡಕ್ಕೂ ವಯಸ್ಸಾಗುತ್ತದೆ

ನಮ್ಮ ಉಡುಪಿ ಸೀಮೆಯಲ್ಲಿ ಹಾಕಿ ಸ್ಟಿಕ್ ಹಿಡಿದವರಿಗಿಂತ ಬ್ಯಾಟು ಹಿಡಿದವರೇ ಹೆಚ್ಚು. ಆದರೂ ಮಣಿಪಾಲದಲ್ಲಿ ಓದುವ ನನ್ನ ಅಕ್ಕನ ಮಗನಿಗೆ ಹಾಕಿಯ ಹುಚ್ಚು. ಭಾರತ 2021ರಲ್ಲಿ ಟೋಕಿಯೋದಲ್ಲಿ, 2024ರಲ್ಲಿ ಪ್ಯಾರಿಸ್‌ನಲ್ಲಿ ಒಲಿಂಪಿಕ್ ಕಂಚು ಗೆದ್ದಿತು. 2025ರಲ್ಲಿ ರಾಜ್‌ಗಿರ್‌ನಲ್ಲಿ ಏಷ್ಯಾ ಕಪ್ ಕೂಡ ನಮ್ಮದಾಯಿತು. ಈ ತಂಡದ ಹಿರಿಯರಿಗೆ ಮೂವತ್ತು ದಾಟಿದೆ, ಇನ್ನು ಹೊಸಬರು ಬರಬೇಕಲ್ಲವೇ ಎಂದರೆ ಹುಡುಗನಿಗೆ ಸಿಟ್ಟು. "ಗೆದ್ದವರನ್ನು ಯಾರಾದರೂ ಮನೆಗೆ ಕಳುಹಿಸುತ್ತಾರಾ ಮಾಮೂ?"

ಕಳುಹಿಸಲೇಬೇಕಾಗುತ್ತದೆ. ಯಾವಾಗ, ಹೇಗೆ ಎನ್ನುವುದಷ್ಟೇ ಪ್ರಶ್ನೆ.

1975ರ ವಿಶ್ವಕಪ್ಪಿನ ಕತೆಯನ್ನು ನಾನು ಕೇಳಿದ್ದು ಅಬ್ಬಾನಿಂದ. ಆಗ ಅವರು ಕಾಪು ಪೇಟೆಯಲ್ಲಿ ರೇಡಿಯೋ ಸುತ್ತ ನೆರೆದವರಲ್ಲಿ ಒಬ್ಬರು. ಕೌಲಾಲಂಪುರದ ಸೆಮಿಫೈನಲ್‌ನಲ್ಲಿ ಮಲೇಷ್ಯಾ ಮುಂದಿತ್ತು. ಆಟ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಅನುಭವಿ ಮೈಕೆಲ್ ಕಿಂಡೋ ಬದಲಿಗೆ, ಬೆಂಚಿನಲ್ಲಿ ಕುಳಿತಿದ್ದ ಇಪ್ಪತ್ತೊಂದರ ಅಸ್ಲಂ ಶೇರ್ ಖಾನ್‌ನನ್ನು ಇಳಿಸಿದರು. ಅವನು ಪೆನಾಲ್ಟಿ ಕಾರ್ನರಿನಲ್ಲಿ ಗೋಲು ಹೊಡೆದು ಸಮ ಮಾಡಿದ. ಭಾರತ ಆ ಪಂದ್ಯವನ್ನೂ, ಫೈನಲ್‌ನಲ್ಲಿ ಪಾಕಿಸ್ತಾನವನ್ನೂ ಗೆದ್ದಿತು. ಮರುವರ್ಷವೇ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಏಳನೇ ಸ್ಥಾನ. ವಯಸ್ಸೊಂದೇ ಕಾರಣವಲ್ಲ, ಕೃತಕ ಹಾಸಿನ ಮೇಲೆ ಒಲಿಂಪಿಕ್ ಹಾಕಿ ನಡೆದದ್ದು ಅದೇ ಮೊದಲು. ಆದರೆ ಹಿಂದಿನ ಕಪ್ಪು ಮುಂದಿನ ಪಂದ್ಯ ಆಡುವುದಿಲ್ಲ.

ಟೋಕಿಯೋಗೆ ಆರಿಸಿದ 16 ಮಂದಿಯಲ್ಲಿ 10 ಮಂದಿಗೆ ಅದು ಮೊದಲ ಒಲಿಂಪಿಕ್ಸ್. ಆದರೆ ಅವರನ್ನು ಒಂದೇ ರಾತ್ರಿಯಲ್ಲಿ ಹುಡುಕಿ ತಂದದ್ದಲ್ಲ. 2016ರಲ್ಲಿ ಲಖನೌದಲ್ಲಿ ಕಿರಿಯರ ವಿಶ್ವಕಪ್ ಗೆದ್ದ ಕೆಲವರು ಅವರಲ್ಲಿದ್ದರು. ಜೊತೆಗೆ ಶ್ರೀಜೇಶ್, ಮನ್‌ಪ್ರೀತ್‌ರಂಥ ಹಿರಿಯರನ್ನೂ ಉಳಿಸಿಕೊಂಡಿದ್ದರು. 41 ವರ್ಷಗಳ ನಂತರ ಪದಕ ಬಂತು.

ಕಾರ್ಕಳದ ಮಿಯ್ಯಾರಿನ ಕಂಬಳ ನೋಡಿದವರಿಗೆ ಇದು ಹೊಸ ಮಾತಲ್ಲ. ನೇಗಿಲಿನಲ್ಲೂ ಹಗ್ಗದಲ್ಲೂ ಕಿರಿಯ, ಹಿರಿಯ ಎಂಬ ವಿಭಾಗಗಳಿವೆ. ಹಿರಿಯ ಕೋಣಗಳು ಗೆಲ್ಲುತ್ತಿರುವಾಗಲೇ ಅದೇ ಕರೆಯಲ್ಲಿ ಕಿರಿಯವು ಓಡಿ ಪಳಗುತ್ತವೆ. ಹಳೆಯ ಜೋಡಿ ಸೋತ ಮೇಲೆ ಹೊಸ ಕರು ಹುಡುಕಲು ಹೊರಡುವ ಯಜಮಾನನನ್ನು ಊರೇ ನಗುತ್ತದೆ.

ಇದರ ಬೆಲೆ ತೆತ್ತವರೂ ಇದ್ದಾರೆ. ಕೊಡಗಿನ ಸೋಮವಾರಪೇಟೆಯ ಎಸ್.ವಿ. ಸುನಿಲ್ ದೇಶಕ್ಕಾಗಿ 264 ಪಂದ್ಯ ಆಡಿದವರು, 72 ಗೋಲು ಹೊಡೆದವರು. ಲಂಡನ್, ರಿಯೋ ಒಲಿಂಪಿಕ್ಸ್‌ಗಳಲ್ಲಿ ಬರಿಗೈಲಿ ಮರಳಿದ ಅವರಿಗೆ ಪದಕ ಬಂದ ಟೋಕಿಯೋದಲ್ಲಿ ಜಾಗವಿರಲಿಲ್ಲ. ಎರಡು ತಿಂಗಳಲ್ಲೇ, 32ರ ಹರೆಯದಲ್ಲಿ ನಿವೃತ್ತರಾದರು.

ಆಯ್ಕೆ ಸರಿಯಿರಬಹುದು. ಆದರೆ ಜಾಗ ಬಿಟ್ಟುಕೊಟ್ಟವನ ಹೆಸರನ್ನು ಗೆಲುವಿನ ದಿನ ನೆನೆಯದ ಸಮಾಜ, ಹೊಸಬರಿಗೆ ಯಾವ ಧೈರ್ಯ ಕೊಟ್ಟೀತು? ತಂಡವನ್ನು ಗೆಲ್ಲುತ್ತಿರುವಾಗಲೇ ಹೊಸದಾಗಿಸಬೇಕು. ಹಿರಿಯನಿಗೆ ವಿಷಯವನ್ನು ಮುಖ ನೋಡಿ ಹೇಳಬೇಕು, ಆಮೇಲೆ ಕೈಹಿಡಿದು ಬಾಗಿಲ ತನಕ ಬಿಟ್ಟು ಬರಬೇಕು.