ಬಿಲ್ಲೆಯ ಬೆನ್ನಿಗಂಟಿದ ಗಾರೆ

ಕೆಲಸದ ಮೇಲೆ ಲಿಸ್ಬನ್‌ಗೆ ಹೋಗಿರುವ ಅಣ್ಣನ ಮಗಳು ಮೊನ್ನೆ ವಿಡಿಯೋ ಕಾಲ್ ಮಾಡಿದ್ದಳು. “ಕಾಕಾ, ನೀವು ಹೇಳತಿದ್ದ ಮೇಸ್ತ್ರಿ ಅಂಗಡಿ ಎಲ್ಲೈತಿ? ಇಲ್ಲಿ ಬರೇ ಸೂಟ್‌ಕೇಸ್ ಗಾಲಿ ಸಪ್ಪಳ.” ಫೋನು ತಿರುಗಿಸಿದಳು. ನಟ್ಟನಡುವೆ ಬಟ್ಟಲಿನಂತೆ ಸವೆದ ಹೊಸ್ತಿಲ ಕಲ್ಲು ಕಂಡಿತು. ಅವಳು ನಿಂತಿದ್ದದ್ದೇ ಆ ಅಂಗಡಿಯ ಮುಂದೆ. ಬಾಗಿಲ ಪಕ್ಕದಲ್ಲಿ ಈಗ ನಂಬರ್ ಒತ್ತಿ ತೆಗೆಯುವ ಐದು ಚಾವಿ ಡಬ್ಬಿಗಳು.

ಚಾವಿ, ಮೇಸ್ತ್ರಿ, ಎರಡೂ ಪೋರ್ಚುಗೀಸರು ನಮಗೆ ಕೊಟ್ಟುಹೋದ ಮಾತುಗಳು. 1999ರಲ್ಲಿ ಲಿಸ್ಬನ್ನಿನ ಆಲ್ಫಾಮಾ ಕೇರಿಯ ಮುದುಕಿಯರು ಚಾವಿಯನ್ನು ಬಾಗಿಲಲ್ಲೇ ಬಿಟ್ಟು ಬ್ರೆಡ್ಡು ತರಲು ಹೋಗುತ್ತಿದ್ದುದನ್ನು ನಾನು ಕಂಡಿದ್ದೇನೆ. 1755ರ ನವೆಂಬರ್ 1ರ ಭೂಕಂಪ ಕೆಳಪೇಟೆಯನ್ನು ನೆಲಸಮ ಮಾಡಿದರೂ ಗುಡ್ಡದ ಮೇಲಿನ ಈ ಕೇರಿ ಬಹುಪಾಲು ಉಳಿದುಕೊಂಡಿತ್ತು.

ಆ ಅಂಗಡಿಯ ಮೇಸ್ತ್ರಿ ಅಜುಲೇಜು ಮಾಡುವವರು. ಗೋಡೆಗೆ ಹಚ್ಚುವ ಬಣ್ಣದ ಬಿಲ್ಲೆಗಳು, ಹದಿನಾಲ್ಕು ಸೆಂಟಿಮೀಟರ್ ಚೌಕ. ಸೂಜಿಯಿಂದ ಚುಚ್ಚಿದ ಕಾಗದವನ್ನು ಬಿಲ್ಲೆಯ ಮೇಲಿಟ್ಟು ಇದ್ದಿಲ ಪುಡಿಯ ಬಟ್ಟೆಗಂಟಿನಿಂದ ಮೆಲ್ಲಗೆ ತಟ್ಟುವರು. ಕಾಗದ ಎತ್ತಿದರೆ ಚುಕ್ಕಿಗಳ ಸಾಲು. ನನಗೆ ಅವ್ವನ ರಂಗೋಲಿ ನೆನಪಾಗುತ್ತಿತ್ತು. ಇನ್ನೂ ಸುಡದ ಲೇಪದ ಮೇಲೆ ಎಳೆದ ಗೆರೆಯನ್ನು ಒರೆಸಲು ಬರುವುದಿಲ್ಲ, ಲೇಪದ ಪುಡಿ ಬಣ್ಣವನ್ನು ಕೂಡಲೇ ಹೀರಿಬಿಡುತ್ತದೆ. ಅದಕ್ಕೇ ಅವರು ಉಸಿರು ಹಿಡಿದು ಕುಂಚ ಇಡುತ್ತಿದ್ದರು. ಬೂದಿಗಪ್ಪಾಗಿ ಭಟ್ಟಿಗೆ ಹೋದ ಕೋಬಾಲ್ಟ್ ನೀಲಿಯಾಗಿ ಹೊರಬರುತ್ತಿತ್ತು. ಹಸಿಮಣ್ಣಿನ, ಇದ್ದಿಲಿನ ಆ ವಾಸನೆ ಇಂದಿಗೂ ಮೂಗಿನಲ್ಲಿದೆ.

ಒಂದು ಶನಿವಾರ ಸಾವ್ ವಿಸೆಂತ್ ಚರ್ಚಿನ ಹಿಂದಿನ ಸಂತೆಗೆ ಹೋದೆ. ಫೈರಾ ದ ಲಾದ್ರ. ಲಾದ್ರ ಎಂದರೆ ಕಳ್ಳಿ. ನೆಲಕ್ಕೆ ಹಾಸಿದ ಚಾದರದ ಮೇಲೆ ಒಂದು ಹಳೆಯ ಬಿಲ್ಲೆ, ನೀಲಿ ಹೂವಿನದು. ಎರಡು ಸಾವಿರ ಎಸ್ಕುದೋ ಅಂದ ಮಾರುವವ. ನಾನು ಎದ್ದು ಹೊರಟೆ, ಅವನು ಕರೆದ, ಮತ್ತೆ ಹೊರಟೆ. ಕೊನೆಗೆ ಸಾವಿರದ ಇನ್ನೂರಕ್ಕೆ ತಂದು ಹೆಮ್ಮೆಯಿಂದ ಮೇಸ್ತ್ರಿಯ ಕೈಗಿಟ್ಟೆ. ಅವರು ಹೂವನ್ನು ನೋಡಲಿಲ್ಲ, ಬಿಲ್ಲೆಯನ್ನು ಬೋರಲು ಹಾಕಿದರು. ಬೆನ್ನಿಗೆ ಗಾರೆ ಅಂಟಿತ್ತು, ಅಂಚಿನಲ್ಲಿ ಉಳಿಯ ಹಸಿ ಗಾಯ. “ಯಾರದೋ ಗೋಡೆಯಿಂದ ಕಿತ್ತದ್ದು,” ಎಂದಷ್ಟೇ ಹೇಳಿ ಕುಂಚ ಹಿಡಿದರು. ಆ ದಿನ ಮತ್ತೆ ಮಾತಾಡಲಿಲ್ಲ.

ಆ ಕಾಲ ಚಿನ್ನದ್ದಾಗಿತ್ತು ಎಂದು ನಾನು ಹೇಳಲಾರೆ. ಎಷ್ಟೋ ಮನೆಗಳಲ್ಲಿ ಬಚ್ಚಲಿರಲಿಲ್ಲ. ಬಾಡಿಗೆ ದಶಕಗಳಿಂದ ಏರದೆ ಮಾಲೀಕರು ಸೋರುವ ಮಾಡನ್ನೂ ಮುಟ್ಟುತ್ತಿರಲಿಲ್ಲ. ಮೇಸ್ತ್ರಿಯ ಹೆಂಡತಿ ಗ್ಯಾಸ್ ಸಿಲಿಂಡರನ್ನು ಮೆಟ್ಟಿಲು ಮೆಟ್ಟಿಲಿಗೂ ಇಳಿಸಿ ಏರಿಸುತ್ತಿದ್ದರು. 2012ರ ಕಾನೂನು ಬಾಡಿಗೆಯ ಕಟ್ಟು ಸಡಿಲಿಸಿತು. ಮಾಡು ರಿಪೇರಿಯಾಯಿತು, ಬಚ್ಚಲೂ ಬಂತು. ಅಲ್ಲಿ ಮೀಯುವವರು ಮಾತ್ರ ಮೂರು ರಾತ್ರಿಯ ಅತಿಥಿಗಳು. 2018ರಲ್ಲಿ ನಗರಸಭೆ ಆಲ್ಫಾಮಾದಲ್ಲಿ ಪ್ರವಾಸಿ ಬಾಡಿಗೆಯ ಹೊಸ ನೋಂದಣಿ ನಿಲ್ಲಿಸಿತು. ಮನೆಯವರು ಹೋದಮೇಲೆ ಬಾಗಿಲು ಹಾಕಿದಂತಾಯಿತು. ಊರು ನೋಡಲು ಬರುವವರಿಗಾಗಿ ಊರವರನ್ನೇ ಎಬ್ಬಿಸುವುದನ್ನು ಉದ್ಧಾರ ಎನ್ನಲು ನನಗೆ ಬಾಯಿ ಬಾರದು.

ಬಿಲ್ಲೆಯನ್ನು ಫೋನಿಗೆ ಹಿಡಿದು ತೋರಿಸಿದೆ. “ಯಾವ ಗ್ವಾಡಿದು ಕಾಕಾ?” ಅಂದಳು. ಮೇಸ್ತ್ರಿಯನ್ನು ಕೇಳುವ ಧೈರ್ಯ ನನಗೆ ಅಂದು ಬಂದಿರಲಿಲ್ಲ. ದೀಪಾವಳಿಗೆ ಬಂದಾಗ ಒಯ್ಯುತ್ತಾಳಂತೆ, ಓಣಿ ಓಣಿ ಹುಡುಕುತ್ತಾಳಂತೆ. ಹಳೆಯ ಧೋತರದಲ್ಲಿ ಸುತ್ತಿಟ್ಟಿದ್ದೇನೆ, ಗಾರೆ ಉದುರದಂತೆ.