ಐತವಾರದ ಕಟ್ಟಿಗಿ ವಾಸನಿ

ಬೋಡಕ್‌ದೇವ್ ಇನ್ನೂ ಅಹಮದಾಬಾದಿನ ಹೊರಗಿನ ಹಳ್ಳಿಯಂತಿದ್ದ ಕಾಲ. ಮನೆಯ ಹಿಂದೆ ಹೊಲ, ಮುಂದೆ ಮಣ್ಣಿನ ರಸ್ತೆ, ರಾತ್ರಿ ಎಸ್.ಜಿ. ಹೈವೇ ಮೇಲೆ ಲಾರಿ ಹೋದರೆ ಕಿಡಕಿಯ ಗಾಜು ಗಿರ್‍ರೆನ್ನುತ್ತಿತ್ತು. ಧಾರವಾಡದಿಂದ ನೌಕರಿಗೆಂದು ಬಂದ ಅಪ್ಪ ಅಲ್ಲೊಂದು ಸಣ್ಣ ಮನೆ ಕಟ್ಟಿಸಿದ. ಸ್ಲ್ಯಾಬು ಹಾಕುವಾಗಲೇ ಪಡಸಾಲಿಯ ಮೇಲೆ ನಾಲ್ಕು ಕಬ್ಬಿಣದ ಕೊಂಡಿ ಇಡಿಸಿದ. ಗುಜರಾತಿಗರ ಮನೆಗೆ ಹಿಂಚಕೋ ಹೇಗೋ, ನಮ್ಮಜ್ಜನ ಮನೆಗೆ ತೂಗುಮಣಿ ಹಾಗೆ. ಆದರೆ ಸಂಖೇಡಾದ ಬಣ್ಣಬಣ್ಣದ ಹಿಂಚಕೋ ಕೊಳ್ಳಲು ರೊಕ್ಕ ಎಲ್ಲಿಂದ ಬರಬೇಕು? ‘ನಾವ ಮಾಡೂಣ ತಗೋರಿ’ ಅಂದ ಅಪ್ಪ.

ಎಲ್ಲಿಸ್ ಬ್ರಿಜ್ ಕೆಳಗೆ, ಸಾಬರಮತಿಯ ಒಣದಂಡೆಯ ಮೇಲೆ, ಐತವಾರಕ್ಕೊಮ್ಮೆ ಗುಜರಿ ಬಜಾರು ನೆರೆಯುತ್ತಿತ್ತು. ಊರಲ್ಲಿ ಗುಜರಿ ಅಂದರೆ ಮುರುಕು ಸಾಮಾನು, ಇಲ್ಲಿ ಅದೇ ಹೆಸರಿನ ದೊಡ್ಡ ಸಂತೆ! ಕೆಡವಿದ ಪೋಳಿನ, ಅಂದರೆ ಹಳೇ ಓಣಿಯ, ಮನೆಗಳ ಬಾಗಿಲು, ತೊಲೆ, ಕಂಬಗಳ ನಡುವೆ ಅಪ್ಪ ಒಂದೊಂದು ಹಲಗಿಯನ್ನೂ ಬೆರಳಿನಿಂದ ಬಡಿದು, ಉಗುರಿನಿಂದ ಕೆರೆದು, ಮೂಸಿ ನೋಡಿ, ಕಡೆಗೆ ಎರಡು ಸಾಗವಾನಿ ಹಲಗಿ ಆರಿಸಿದ. ಒಂಟೆಗಾಡಿಯ ಮೇಲೆ ಹಲಗಿ, ಹಲಗಿಯ ಮೇಲೆ ನಾವು. ಆ ಮೆರವಣಿಗೆ ಮನೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನ.

ಆಮೇಲೆ ಎಷ್ಟು ಐತವಾರಗಳೋ. ಡೊಂಕಾದ ಹಳೇ ಮೊಳಿಗಳನ್ನು ಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡುವುದು ಸಣ್ಣವರ ಕೆಲಸ, ಉಪ್ಪುಕಾಗದ ತಿಕ್ಕುವುದು ದೊಡ್ಡವರದ್ದು, ಅಪ್ಪ ರಂದಾ ಹಿಡಿದರೆ ಮಾತ್ರ ಎಲ್ಲರೂ ಕೈ ಬಿಟ್ಟು ನೋಡುತ್ತ ನಿಲ್ಲುವುದು: ಸರ್‍ರ್ ಎಂದು ಒಂದೆಳೆತ, ಯಾವ ಕಾಲದ್ದೋ ಹೊಗೆ ಕುಡಿದ ಕರೀ ಮೈ ಸುಲಿದು ಒಳಗಿನ ಬೆಲ್ಲದ ಬಣ್ಣ ಹೊರಬೀಳುವುದು, ತೆಳ್ಳನೆಯ ಸುರುಳಿ ನೆಲಕ್ಕೆ ಬೀಳುವ ಮೊದಲೇ ನಾವು ಹಿಡಿದು ಬಳೆ ಮಾಡಿಕೊಳ್ಳುವುದು, ಮೀಸೆ ಮಾಡಿಕೊಳ್ಳುವುದು. ಉಳಿದದ್ದನ್ನು ಅವ್ವ ಉಡಿಯಲ್ಲಿ ಬಳಿದುಕೊಂಡು ಹೋಗಿ ಬಚ್ಚಲದ ಬಂಬಿಗೆ ಹಾಕುತ್ತಿದ್ದಳು. ಸೋಮವಾರ ಸಾಲಿಗೆ ಹೋದರೂ ನಮ್ಮ ತಲೆಗೂದಲಿಗೆ ಆ ಹೊಗೆಯ ವಾಸನಿ. ನಾವೆಲ್ಲ ‘ಬಾ’ ಅನ್ನುತ್ತಿದ್ದ ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ ಮಜ್ಜಿಗೆಯ ಲೋಟ ಚಾಚಿ ‘ಹಿಂಚಕೋ ಕ್ಯಾರೇ ಥಶೇ?’, ಯಾವಾಗ ಆದೀತು, ಅಂತ ಕೇಳುತ್ತಿದ್ದಳು. ಅಪ್ಪ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಹಲಗಿಯ ಮೇಲೆ ಇನ್ನೊಂದು ಗೆರೆ ಎಳೆಯುತ್ತಿದ್ದ.

ಒಂದು ಹಲಗಿಯ ನಡುವೆ ರೂಪಾಯಿಯಷ್ಟಗಲದ ತೂತಿತ್ತು, ಹಳೇ ಮನೆಯ ಗೂಟದ್ದು. ಅಪ್ಪ ಅದೇ ಕಟ್ಟಿಗಿಯ ಬಿಲ್ಲೆ ಕೊರೆದು, ಫೆವಿಕಾಲ್ ಮುಟ್ಟಿಸದೆ, ಕೊಡತಿಯಿಂದ ಮೆಲ್ಲಗೆ ಬಡಿದು ಕೂಡಿಸಿದ. ‘ಬ್ಯಾಸಿಗಿಗೆ ಕಟ್ಟಿಗಿ ಬಾಡ್ತೈತಿ, ಮಳಿಗಾಲಕ್ಕ ಉಬ್ತೈತಿ, ಅದಕ್ಕೂ ಒಂದೀಟು ಜಾಗಾ ಬಿಡಬೇಕು.’ ಮೇ ತಿಂಗಳ ಆ ಒಣ ಬಿಸಿಲಿಗೆ ಬಿಲ್ಲೆ ಸಡಿಲಾಗಿ ಗಿರಗಿರ ತಿರುಗುತ್ತಿತ್ತು. ಉಂಡು ಹಿಂಚಕೋ ಮೇಲೆ ಅಡ್ಡಾದ ಅಪ್ಪ ಕಣ್ಣು ಮುಚ್ಚಿಕೊಂಡೇ ಹೆಬ್ಬೆರಳಿನಿಂದ ಅದನ್ನು ಒತ್ತುತ್ತಿದ್ದ. ಮೊದಲ ಮಳೆ ಬಂದು ನಾಲ್ಕು ದಿನಕ್ಕೆ ಅದು ಮತ್ತೆ ಬಿಗಿ.

2001ರ ಜನವರಿ 26, ಬೆಳಿಗ್ಗೆ 8 ಗಂಟೆ 46 ನಿಮಿಷ. ಟಿ.ವಿ.ಯಲ್ಲಿ ಪರೇಡು ನೋಡಲು ಕುಳಿತಿದ್ದೆವು. ಯಾರೂ ಕೂರದ ಹಿಂಚಕೋ ತಾನೇ ತೂಗತೊಡಗಿತು, ಸರಪಳಿಗಳು ಒಂದಕ್ಕೊಂದು ಬಡಿದವು. ನಮ್ಮನ್ನೆಲ್ಲ ಅಂಗಳಕ್ಕೆ ದಬ್ಬಿ ಅಪ್ಪ ಹೊಸ್ತಿಲಲ್ಲೇ ನಿಂತು ಮೇಲಿನ ಕೊಂಡಿಗಳನ್ನು ನೋಡುತ್ತಿದ್ದ. ನಾಲ್ಕೂ ಅಲುಗಲಿಲ್ಲ.

ಈಗ ಆ ಮನೆ ಇಲ್ಲ, ಅಲ್ಲಿ ಎತ್ತರದ ಅಪಾರ್ಟ್‌ಮೆಂಟು. ಅಪ್ಪನೂ ಇಲ್ಲ. ಹಲಗಿಗಳು ಬೆಂಗಳೂರಿನ ತಮ್ಮನ ಮನೆಗೆ ಬಂದಿವೆ. ಫಾಲ್ಸ್ ಸೀಲಿಂಗಿಗೆ ಕೊಂಡಿ ಎಲ್ಲಿಯದು, ಕಾಲು ಹಚ್ಚಿ ಬೆಂಚು ಮಾಡಿದ್ದೇವೆ. ಮೇ ತಿಂಗಳಲ್ಲಿ ಎಲ್ಲರೂ ಸೇರಿದಾಗ, ಮಾತಿನ ನಡುವೆ ಯಾರದಾದರೂ ಹೆಬ್ಬೆರಳು ಆ ಬಿಲ್ಲೆಯ ಮೇಲೆ ಹೋಗುತ್ತದೆ. ಈ ಊರಿನ ತಂಪಿಗೆ ಅದು ಸಡಿಲಾಗುವುದೇ ಇಲ್ಲ.